ನಂಬರಿಲ್ಲದ ಹಳ್ಳ: ಬಿ.ಎಚ್. ರಸ್ತೆಯ ಇಕ್ಕೆಲದ ತೆಂಗು ಬೆಳೆಗಾರರಿಗೆ ಬಹಿರಂಗ ಪತ್ರ

ಮಾನ್ಯ ಬಂಧುಗಳೆ,

ಕಿಬ್ಬನಹಳ್ಳಿ ಕ್ರಾಸಿನಿಂದ ಕರಡಿ, ಬಿಳಿಗೆರೆ, ಕೊನೇಹಳ್ಳಿಗಳ ಸೀಮೆಯನ್ನು ಹಾಯ್ದು ತಿಪಟೂರನ್ನು ಸೇರುವ ಬಿ.ಎಚ್. ರಸ್ತೆಯ ಇಕ್ಕೆಲಗಳಲ್ಲಿ ತೋಟವುಳ್ಳವರಾಗಿ, ಆ ರಸ್ತೆಯು ನಾಲ್ಕು ಪಥಗಳ ಹೆದ್ದಾರಿಯಾಗುವ ನಿಮಿತ್ತ ಪಿತ್ರಾರ್ಜಿತವಾದ ಭೂಮಿಯಲ್ಲಿ ಒಂದಷ್ಟನ್ನು ಬಿಟ್ಟುಕೊಟ್ಟವರೂ, ಒಂದು ಗುಂಟೆಯನ್ನೂ ಕಳೆದುಕೊಳ್ಳದೆ ರಸ್ತೆಯಿಂದ ಎರಡು ಹೊಲದಾಚೆ ನೆಮ್ಮದಿಯಾಗಿ ಉಳಿದೆವೆಂದು ಭಾವಿಸಿರುವವರೂ, ಇಂದಲ್ಲ ನಾಳೆ ಬೇರೊಂದು ರಸ್ತೆಗಾಗಿ ಇದೇ ಪ್ರಶ್ನೆಯನ್ನು ಎದುರಿಸಬೇಕಾಗಿ ಬರಬಹುದಾದ ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳವರೂ ಆದ ತಮ್ಮೆಲ್ಲರ ಮುಂದೆ ಒಂದು ವಿಷಯವನ್ನು ಅರಿಕೆ ಮಾಡಿಕೊಳ್ಳುವುದಕ್ಕಾಗಿ ಈ ಪತ್ರ. ಭೂಮಿಯ ಬೆಲೆಯನ್ನು ಕುರಿತು, ಮರದ ಬೆಲೆಯನ್ನು ಕುರಿತು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಮಾತು ನಡೆದಿದೆ, ಇನ್ನೂ ನಡೆಯುತ್ತಿದೆ, ನಡೆಯತಕ್ಕದ್ದೇ ಸರಿ. ಆದರೆ ಮಳೆಯ ನೀರು ಹಿಂದಿನಿಂದಲೂ ಯಾವ ದಾರಿಯಲ್ಲಿ ಹರಿದು ಯಾವ ಕೆರೆಯನ್ನು ಸೇರುತ್ತಿದ್ದಿತೋ ಆ ದಾರಿಗೆ ರಸ್ತೆಯ ಕೆಳಗೆ ಏನು ಗತಿಯಾಯಿತೆಂಬುದನ್ನು ಕುರಿತು ಊರೂರಿನಲ್ಲಿ ಆಗಬೇಕಾಗಿದ್ದ ವಿಚಾರ ಇನ್ನೂ ಆರಂಭವೇ ಆಗಿಲ್ಲ. ಬೆಲೆಯ ವ್ಯಾಜ್ಯ ಒಂದು ದಿನ ತೀರುತ್ತದೆ. ನೀರಿನ ವ್ಯವಹಾರ ತೋಟವಿರುವಷ್ಟು ಕಾಲವೂ ತೀರುವುದಿಲ್ಲ. ಆದಕಾರಣ ತಾವು ಸ್ವಲ್ಪ ವ್ಯವಧಾನ ಮಾಡಿಕೊಂಡು ಈ ಮಾತುಗಳನ್ನು ಪರಾಮರ್ಶಿಸಬೇಕೆಂದು ನನ್ನ ಪ್ರಾರ್ಥನೆ.

ರಸ್ತೆಯನ್ನು ದೂಷಿಸುವುದು ನನ್ನ ಉದ್ದೇಶವಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಯುಕ್ತ. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಮಹಾಕ್ಷಾಮದಲ್ಲಿ, ಬೇರೆಡೆ ಇದ್ದ ಧಾನ್ಯ ಹಸಿದವರ ಬಳಿಗೆ ಬಂದು ಮುಟ್ಟುವುದಕ್ಕೆ ತಕ್ಕ ಸಾರಿಗೆಯಿಲ್ಲದೆ ಸತ್ತವರೆಷ್ಟೋ ಮಂದಿ. ಆಮೇಲಿನ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆಗಳ ಮೇಲೆ ಹರಿಹರದವರೆಗೆ ರೈಲುದಾರಿ ಬಂದ ಮೇಲೆಯೇ ನಮ್ಮ ಸೀಮೆಯ ಉಂಡೆ ಕೊಬ್ಬರಿಗೆ ದೂರದ ಪೇಟೆಗಳ ಬಾಗಿಲು ಅಗಲವಾಗಿ ತೆರೆದದ್ದು. ದಾರಿಯಿಲ್ಲದ ನಾಡಿನ ಬೆಳೆ ಬೆಳೆದಲ್ಲಿಯೇ ಕೊಳೆಯುತ್ತದೆ. ಎರಡು ಪಥದ ಹಳೆಯ ರಸ್ತೆಯಲ್ಲಿ ಎದುರುಬದುರಾಗಿ ಬರುವ ಲಾರಿ ಬಸ್ಸುಗಳ ನಡುವೆ ಸಿಕ್ಕಿ ಪ್ರಾಣ ಬಿಟ್ಟವರನ್ನು, ರಾತ್ರಿ ಹೊತ್ತಿನಲ್ಲಿ ತುಮಕೂರಿನ ಆಸ್ಪತ್ರೆಗೆ ಸಕಾಲದಲ್ಲಿ ಸೇರಲಾಗದೆ ಹೋದ ರೋಗಿಗಳನ್ನು ನೆನೆಯುವಾಗ, ಈ ರಸ್ತೆ ಅಗಲವಾಗಬಾರದಾಗಿತ್ತೆಂದು ಹೇಳುವ ಧೈರ್ಯ ಯಾರಿಗೂ ಬಾರದು. ರಸ್ತೆ ಬೇಕು. ಬಂದದ್ದು ಹೇಗೆ ಬಂದಿತು, ಬಂದ ಮೇಲೆ ಅದರೊಡನೆ ಹೇಗೆ ಬಾಳಬೇಕು ಎಂಬುದಷ್ಟೆ ಪ್ರಕೃತ ವಿಚಾರ.

ತುಮಕೂರಿನಿಂದ ಶಿವಮೊಗ್ಗದವರೆಗಿನ ಹಳೆಯ ಸಂಖ್ಯೆಯಂತೆ 206ನೆಯದಾದ ಈ ರಾಷ್ಟ್ರೀಯ ಹೆದ್ದಾರಿಯ ಕೆಲಸವನ್ನು ಹೆದ್ದಾರಿ ಪ್ರಾಧಿಕಾರವು ನಾಲ್ಕು ಭಾಗಗಳಾಗಿ ವಿಂಗಡಿಸಿ ಗುತ್ತಿಗೆಗೆ ಕೊಟ್ಟಿತು. ಮಲ್ಲಸಂದ್ರದಿಂದ ಕರಡಿಯವರೆಗೆ ಮೊದಲನೆಯದು; ಕರಡಿಯಿಂದ ಬಾಣಾವರದವರೆಗೆ ಎರಡನೆಯದು; ಅಲ್ಲಿಂದ ಬೆಟ್ಟದಹಳ್ಳಿ, ಶಿವಮೊಗ್ಗ ಎಂದು ಉಳಿದೆರಡು. ಹೀಗೆ ನಮ್ಮ ನೆರೆಯ ಕರಡಿಯು ಒಂದು ಗುತ್ತಿಗೆಯ ಅಂತ್ಯವೂ ಮತ್ತೊಂದು ಗುತ್ತಿಗೆಯ ಆದಿಯೂ ಆಯಿತು. ಕಾಗದದ ಮೇಲೆ ಇದು ಒಂದು ಗೆರೆ ಮಾತ್ರ. ಆದರೆ ಗೆರೆಯ ಆಚೆಗೆ ಬಿದ್ದ ಮಳೆ ಈಚೆಯ ಕೆರೆಗೆ ಬರಬೇಕಾದ ಸಂದರ್ಭದಲ್ಲಿ ಯಾರನ್ನು ಕೇಳಬೇಕೆಂಬುದು ನಮ್ಮ ಸೀಮೆಯವರಿಗೆ ಇತರರಿಗಿಂತ ಒಂದು ತೊಡಕು ಹೆಚ್ಚಾಗಿಯೇ ಇರುವ ಪ್ರಶ್ನೆ ಎಂಬುದನ್ನು ತಾವು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಜಂಟಿ ಅಳತೆಯ ಕಾಲದಲ್ಲಿ ತೋಟಗಳಲ್ಲಿ ನಡೆದದ್ದನ್ನು ತಾವೆಲ್ಲರೂ ಕಣ್ಣಾರೆ ಕಂಡಿದ್ದೀರಿ. ಸರ್ವೆಯವರು ಸರಪಳಿಯ ಬದಲು ಯಂತ್ರವನ್ನು ನಿಲ್ಲಿಸಿ ಗಡಿಕಲ್ಲು ನೆಟ್ಟರು. ಅವರ ಹಿಂದೆ ಬಣ್ಣದ ಡಬ್ಬಿ ಹಿಡಿದ ಆಳು ಒಂದೊಂದು ಮರದ ಬೊಡ್ಡೆಯ ಮೇಲೂ, ಎದೆಯ ಮಟ್ಟದಲ್ಲಿ, ಒಂದೊಂದು ನಂಬರನ್ನು ಬರೆದುಕೊಂಡು ಹೋದ. ಫಲ ಬಿಡುವ ಮರ, ಎಳೆಯ ಸಸಿ, ಮುದಿಮರ ಎಂದು ವಿಂಗಡಣೆಯಾಯಿತು. ಬಾವಿಗೆ ನಂಬರು ಬಿದ್ದಿತು. ಕೊಳವೆಬಾವಿಗೆ, ಪಂಪಿನ ಮನೆಗೆ, ಕೊಬ್ಬರಿಯ ಅಟ್ಟವಿರುವ ಮನೆಗೆ, ಬೇಲಿಯ ಕಲ್ಲುಕಂಬಕ್ಕೂ ಲೆಕ್ಕ ಬಿದ್ದಿತು. ಎರಡು ತೋಟಗಳ ನಡುವೆ ಲಂಟಾನದ ಪೊದೆಯ ಮರೆಯಲ್ಲಿ, ವರ್ಷದಲ್ಲಿ ಹತ್ತು ತಿಂಗಳು ಒಣಗಿ ಮರಳು ಕಾಣುತ್ತ ಬಿದ್ದಿರುವ ಹಳ್ಳಕ್ಕೆ ಮಾತ್ರ ಯಾರೂ ನಂಬರು ಹಾಕಲಿಲ್ಲ. ಹಾಕುವಂತೆಯೂ ಇರಲಿಲ್ಲ. ಅದು ಪಹಣಿಯಲ್ಲಿ ಯಾರ ಹೆಸರಿನಲ್ಲಿಯೂ ಇಲ್ಲ. ಬಿ ಖರಾಬು ಎಂಬ ಕಲಮಿನಲ್ಲಿ ಇಂತಿಷ್ಟು ಗುಂಟೆ ಎಂದು ಸೇರಿ, ಸಾಗುವಳಿಗೆ ಒದಗದ ಸಾರ್ವಜನಿಕ ಭೂಮಿಯಾಗಿ, ಸರ್ಕಾರದ ಸ್ವತ್ತಾಗಿ ಇರುವಂಥದು. ಕೊಡುವವನೂ ಸರ್ಕಾರ, ತೆಗೆದುಕೊಳ್ಳುವವನೂ ಸರ್ಕಾರವಾದ ಮೇಲೆ ಅಲ್ಲಿ ಪರಿಹಾರದ ಪ್ರಸಕ್ತಿಯಿಲ್ಲ; ಪರಿಹಾರದ ಪ್ರಸಕ್ತಿಯಿಲ್ಲದ ಕಡೆ ನೋಟೀಸಿಲ್ಲ; ನೋಟೀಸಿಲ್ಲದ ಕಡೆ ತಕರಾರು ಹೇಳುವ ಮನುಷ್ಯನಿಲ್ಲ. ನಮ್ಮ ಸೀಮೆಯ ಜಲಸಂಪತ್ತೆಲ್ಲವೂ ಹೀಗೆ ವಾರಸುದಾರನಿಲ್ಲದ ಆಸ್ತಿಯಂತೆ ಮೌನವಾಗಿ ರಸ್ತೆಯ ಅಡಿಗೆ ಸೇರಿತು.

ಕಾನೂನಿನ ನಡಿಗೆಯನ್ನು ಇಲ್ಲಿ ಸ್ವಲ್ಪ ವಿವರಿಸುವುದು ಅವಶ್ಯ. 1956ರ ರಾಷ್ಟ್ರೀಯ ಹೆದ್ದಾರಿ ಕಾಯಿದೆಯ 3ಎ ಪ್ರಕರಣದಂತೆ ಮೊದಲು ಭೂಮಿ ಬೇಕೆಂಬ ಉದ್ದೇಶವನ್ನು ಪ್ರಕಟಿಸುತ್ತಾರೆ. ಆ ಪ್ರಕಟಣೆಯಿಂದ 21 ದಿನಗಳೊಳಗೆ, 3ಸಿ ಪ್ರಕರಣದಂತೆ, ಆ ಭೂಮಿಯಲ್ಲಿ ಹಿತಾಸಕ್ತಿಯುಳ್ಳವರು ತಮ್ಮ ಆಕ್ಷೇಪಣೆಯನ್ನು ಬರಹದಲ್ಲಿ ಸಲ್ಲಿಸಬೇಕು. ಬಳಿಕ 3ಡಿ ಘೋಷಣೆ ಹೊರಟಿತೆಂದರೆ ಭೂಮಿ ಕೇಂದ್ರ ಸರ್ಕಾರದ್ದಾಯಿತು. 3ಜಿಯಲ್ಲಿ ಬೆಲೆ ಗೊತ್ತಾಗುವುದು. ಆ ಬೆಲೆ ಒಪ್ಪದವರು ಮಧ್ಯಸ್ಥಗಾರರ ಮುಂದೆ ಹೋಗಬಹುದು. 2013ರ ಭೂಸ್ವಾಧೀನ ಕಾಯಿದೆಯ ಪರಿಹಾರದ ನಿಯಮಗಳು 2015ರ ಜನವರಿಯಿಂದ ಹೆದ್ದಾರಿಯ ಭೂಮಿಗೂ ಅನ್ವಯಿಸಿದ್ದರಿಂದ, ಮಾರುಕಟ್ಟೆಯ ಬೆಲೆಗೆ ಸಮನಾದ ಸೊಲೇಷಿಯಂ ಸೇರಿ, ಹಿಂದಿನವರಿಗೆ ದೊರೆತುದಕ್ಕಿಂತ ಉತ್ತಮವಾದ ಮೊತ್ತ ಅನೇಕರಿಗೆ ದೊರೆತದ್ದು ಸಂತೋಷದ ಸಂಗತಿಯೇ. ಆದರೆ ಈ ಸೋಪಾನಗಳಲ್ಲಿ, ಭೂಮಿಯ ಉಪಯೋಗವನ್ನೇ ಕುರಿತು ಪ್ರಶ್ನೆ ಎತ್ತುವುದಕ್ಕೆ ಅವಕಾಶವಿರುವುದು ಆ 21 ದಿನಗಳ ಒಂದು ಮೆಟ್ಟಿಲಿನಲ್ಲಿ ಮಾತ್ರ. ಮಿಕ್ಕೆಲ್ಲ ಮೆಟ್ಟಿಲುಗಳೂ ಹಣದ ಮೆಟ್ಟಿಲುಗಳು. ಅನುಭೋಗದ ಹಕ್ಕೆಂಬುದನ್ನು ಕಾಯಿದೆ ಮರೆತಿದೆಯೆಂದೂ ಹೇಳಲಾಗದು: ಅನ್ಯರ ಭೂಮಿಯ ಮೇಲೆ ದಾರಿ, ನೀರು ಮೊದಲಾದ ಹಕ್ಕುಳ್ಳವರಿಗೆ ಆ ಹಕ್ಕು ಹೋದಾಗ ಭೂಮಿಯ ಮೊತ್ತದ ಹತ್ತರಲ್ಲೊಂದು ಪಾಲನ್ನು ಕೊಡತಕ್ಕದ್ದೆಂದು 3ಜಿಯಲ್ಲಿಯೇ ವಿಧಿಯಿದೆ. ಹೊಲದ ಬದುವಿನ ಕಾಲುವೆಯಿಂದ ನೀರು ಹಾಯಿಸಿಕೊಳ್ಳುತ್ತಿದ್ದವನು ಇದನ್ನು ಅರಿತಿದ್ದರೆ ಅವನಿಗೂ ಆ ಕಚೇರಿಯಲ್ಲಿ ನಿಲ್ಲುವ ಒಂದು ಜಾಗವಿದ್ದಿತು.

ಇನ್ನು ಪರಿಸರದ ಅನುಮತಿಯ ವಿಷಯ. 2006ರ ಪರಿಸರ ಪರಿಣಾಮ ನಿರ್ಧರಣೆಯ ಅಧಿಸೂಚನೆಗೆ 2013ರಲ್ಲಿ ಮಾಡಿದ ತಿದ್ದುಪಡಿಯಂತೆ, ಈಗಾಗಲೇ ಇರುವ ರಾಷ್ಟ್ರೀಯ ಹೆದ್ದಾರಿಯನ್ನು ಅಗಲಿಸುವಾಗ ಅದು 100 ಕಿಲೋಮೀಟರಿಗಿಂತ ಉದ್ದವಾಗಿಯೂ, ಹೆಚ್ಚುವರಿ ಭೂಮಿ ಹಳೆಯ ದಾರಿಯಲ್ಲಿ 40 ಮೀಟರು, ಹೊಸ ದಾರಿಯಲ್ಲಿ 60 ಮೀಟರುಗಳಿಗಿಂತ ಅಗಲವಾಗಿಯೂ ಇದ್ದಲ್ಲಿ ಮಾತ್ರ ಪೂರ್ವಾನುಮತಿಯ ಅಗತ್ಯ. ಮರಗಳ ಸಂರಕ್ಷಣೆಗಾಗಿ 1976ರಲ್ಲಿ ನಮ್ಮ ರಾಜ್ಯ ಮಾಡಿಕೊಂಡ ಕಾಯಿದೆಯೋ, ನೀಲಗಿರಿ, ಸರ್ವೆ ಮರಗಳ ಪಂಕ್ತಿಯಲ್ಲಿಯೇ ತೆಂಗನ್ನೂ ಕೂರಿಸಿ, ಕಡಿಯುವುದಕ್ಕೆ ಅನುಮತಿ ಬೇಡವೆಂದಿದೆ. ರೈತನಿಗೆ ತನ್ನ ಮುದಿಮರವನ್ನು ತೆಗೆಯಲು ತೊಂದರೆಯಾಗದಿರಲೆಂಬ ಸದುದ್ದೇಶ ಅದರಲ್ಲಿದ್ದಿತು. ಆದರೆ ತೆಂಗೇ ಅಡವಿಯಾಗಿರುವ ನಮ್ಮ ನಾಡಿನಲ್ಲಿ ಅದರ ಪರಿಣಾಮವಾಗಿ, ನೂರಾರು ಮರಗಳ ತೋಪು ಬಿದ್ದರೂ ಅದು ಅಡವಿ ಬಿದ್ದಂತೆ ಎಲ್ಲಿಯೂ ದಾಖಲಾಗುವುದಿಲ್ಲ. 45 ಮೀಟರು ಅಗಲದ ಪಟ್ಟಿ ತೋಟದ ನಡುವೆ ಒಂದು ಕಿಲೋಮೀಟರು ಹೋಯಿತೆಂದರೆ ಸುಮಾರು 11 ಎಕರೆ. 30 ಅಡಿಯ ಅಂತರದಲ್ಲಿ ಎಕರೆಗೆ 48 ಮರ. ಅಲ್ಲಿಗೆ ಐನೂರನ್ನು ಮೀರಿತು. ಗುಬ್ಬಿ, ತಿಪಟೂರುಗಳಂಥ ಪಟ್ಟಣಗಳನ್ನು ಬಳಸಿ ಹೋಗುವ ಬೈಪಾಸುಗಳ ಕಡೆ ಈ ಲೆಕ್ಕವನ್ನು ತಾವೇ ಹಾಕಿನೋಡಬಹುದು.

ಮರ ಹೋದ ದುಃಖವನ್ನು ನಾನು ಲಘುವಾಗಿ ಎಣಿಸುವವನಲ್ಲ. ನಮ್ಮ ತಿಪಟೂರು ತಳಿಯ ಎತ್ತರದ ಮರ ನೆಟ್ಟ ಆರೇಳು ವರ್ಷಕ್ಕೆ ಹೊಂಬಾಳೆ ಒಡೆದು, ಅರವತ್ತು ಎಪ್ಪತ್ತು ವರ್ಷ ಬಾಳುವಂಥದು. ನೆಟ್ಟವನು ಮೊಮ್ಮಕ್ಕಳ ಕಾಲವನ್ನು ಮನಸ್ಸಿನಲ್ಲಿಟ್ಟುಕೊಂಡೇ ನೆಡತಕ್ಕದ್ದು. ಹರಳು ಕಟ್ಟಿದ ಕಾಯಿ ಬಲಿಯಲು ಹತ್ತಿರ ಹತ್ತಿರ ಒಂದು ವರ್ಷ. ಕಿತ್ತ ಕಾಯಿ ಅಟ್ಟವನ್ನು ಸೇರಿ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗುಡುಗುಡು ಎಂದು ಉರುಳುವಂತಾಗಲು ಮತ್ತೆ ಹತ್ತು ಹನ್ನೆರಡು ತಿಂಗಳು. ಅನಂತರ ಮಟ್ಟೆ ಸುಲಿದ ಕಾಯಿಯನ್ನು ಎಡಗೈಯಲ್ಲಿ ಹಿಡಿದು, ಮಚ್ಚಿನಿಂದ ಚಿಪ್ಪಿನ ಸುತ್ತಲೂ ಹದವಾಗಿ ತಟ್ಟುತ್ತ ಬಂದು, ಉಂಡೆಗೆ ಒಂದು ಗೀರೂ ಬೀಳದಂತೆ ಬಿಡಿಸುವ ಹೆಣ್ಣುಮಕ್ಕಳ ಕೈಚಳಕವಿದ್ದರೆ ಅದು ಮಾರುಕಟ್ಟೆಯ ಕೊಬ್ಬರಿ, ಒಡೆದರೆ ಹೋಳು. ಹೀಗಾಗಿ ಮಾರ್ಚಿಯಲ್ಲಿ ಕಡಿದ ಮರದ ಜೊತೆಗೆ ಅಂದು ಕಾಣುತ್ತಿದ್ದ ಗೊನೆಗಳು ಮಾತ್ರವಲ್ಲದೆ ಮುಂದಿನ ಎರಡು ವರ್ಷಗಳ ಆದಾಯದ ಸರಣಿಯೇ ಕತ್ತರಿಸಿಹೋಗುತ್ತದೆ. ಇಷ್ಟಾದರೂ ಮರಕ್ಕೊಂದು ಬೆಲೆ ಕಟ್ಟುವುದು ಸಾಧ್ಯ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆಯೆಂದು ಕೇಂದ್ರ ಸರ್ಕಾರವೇ ಗೊತ್ತು ಮಾಡಿತ್ತು, ಇಳುವರಿ ತಿಳಿದಿದೆ, ಆಯುಸ್ಸು ತಿಳಿದಿದೆ, ಲೆಕ್ಕ ಕಡಿಮೆಯಾಯಿತೆನ್ನುವವರು ವಕೀಲರ ಮೂಲಕ ಹೆಚ್ಚಿಸಿಕೊಳ್ಳಬಹುದು. ಹಳ್ಳವೊಂದು ದಿಕ್ಕು ತಪ್ಪಿದ್ದರಿಂದ ಅರ್ಧ ಮೈಲಿ ಕೆಳಗಿನ ಕೆರೆ ತುಂಬದೆ, ಆ ಕೆರೆಯ ಅಚ್ಚುಕಟ್ಟಿನಾಚೆಗಿನ ಕೊಳವೆಬಾವಿ ಬತ್ತಿ, ಹತ್ತನೆಯ ವರ್ಷದಲ್ಲಿ ಸುಳಿ ಬಾಗಿದ ಮರಕ್ಕೆ ಲೆಕ್ಕ ಹಾಕಿಕೊಡುವವರು ಯಾರು?

ಆಗುತ್ತಿರುವುದೇನೆಂಬುದನ್ನು ನೆಲದ ಮೇಲೆ ನಿಂತು ನೋಡಬೇಕು. ಹಳೆಯ ಬಿ.ಎಚ್. ರಸ್ತೆ ಬಹುಮಟ್ಟಿಗೆ ನೆಲದ ಮಟ್ಟದಲ್ಲಿಯೇ, ಏರಿದಲ್ಲಿ ಏರಿ ಇಳಿದಲ್ಲಿ ಇಳಿದು ಹೋಗುತ್ತಿದ್ದಿತು. ಎಲ್ಲೆಲ್ಲಿ ತಗ್ಗಿದ್ದಿತೋ ಅಲ್ಲೆಲ್ಲ ಒಂದು ಕಲ್ಲುಚಪ್ಪಡಿಯ ಮೋರಿ, ಜಡಿಮಳೆ ಹೊಯ್ದ ದಿನ ಮೋರಿ ಸಾಲದೆ ನೀರು ರಸ್ತೆಯ ಮೇಲೆಯೇ ಹಾಯ್ದು ಆಚೆಗೆ ಹೋಗುತ್ತಿದ್ದಿತು, ಬಸ್ಸು ಅರ್ಧ ಗಂಟೆ ನಿಲ್ಲುತ್ತಿದ್ದಿತು, ಕೆರೆ ತುಂಬುತ್ತಿದ್ದಿತು. ವೇಗದ ವಾಹನಗಳಿಗಾಗಿ ಕಟ್ಟಿದ ಹೊಸ ರಸ್ತೆ ಹೀಗೆ ಹೋಗಲಾರದು. ತಗ್ಗನ್ನು ತುಂಬಿ, ದಿಬ್ಬವನ್ನು ತರಿದು, ಮಣ್ಣನ್ನು ಪದರ ಪದರವಾಗಿ ಹಾಸಿ ರೋಲರಿನಿಂದ ಗಟ್ಟಿಸಿ, ಒಂದೇ ಮಟ್ಟಕ್ಕೆ ತಂದು ನಿಲ್ಲಿಸಿದ ಆ ಉದ್ದನೆಯ ದಿಬ್ಬವು ಕೆರೆಯ ಏರಿಯಂತೆ ನೀರಿಗೆ ಅಡ್ಡ ನಿಲ್ಲುತ್ತದೆ. ಭೇದವೆಂದರೆ ಏರಿಗೆ ತೂಬು ಕೋಡಿಗಳನ್ನು ಎಲ್ಲಿಡಬೇಕೆಂಬುದನ್ನು ಆ ನೀರನ್ನೇ ನಂಬಿ ಬದುಕುತ್ತಿದ್ದ ಜನ ಗೊತ್ತು ಮಾಡುತ್ತಿದ್ದರು, ಇಲ್ಲಿ ನಕ್ಷೆ ಗೊತ್ತು ಮಾಡಿತು. ನಕ್ಷೆ ಮಾಡಿದವರು ಮೋರಿಗಳನ್ನು ಇಡದೆ ಬಿಟ್ಟಿಲ್ಲ. ಬಾಕ್ಸಿನ ಮೋರಿಗಳು, ಕೊಳವೆಯ ಮೋರಿಗಳು, ದೊಡ್ಡ ಹಳ್ಳಕ್ಕೆ ಸೇತುವೆಗಳು ಎಲ್ಲವೂ ಇವೆ. ಆದರೆ ಸಣ್ಣಪುಟ್ಟ ಸೆಲೆಗಳನ್ನೆಲ್ಲ ರಸ್ತೆಯ ಪಕ್ಕದ ಚರಂಡಿಯಲ್ಲಿ ಒಟ್ಟುಗೂಡಿಸಿ ಒಂದು ದೊಡ್ಡ ಮೋರಿಗೆ ಒಯ್ದುಬಿಡುವುದು ಕಟ್ಟುವವರಿಗೆ ಸುಲಭ. ಆಗ ಹಿಂದೆ ಮೂರು ಕಡೆ ಹಾಯುತ್ತಿದ್ದ ನೀರು ಒಂದೇ ಕಡೆ ನುಗ್ಗಿ, ಒಬ್ಬನ ತೋಟವನ್ನು ಕೊರೆದು, ಇಬ್ಬರ ಕಟ್ಟೆಯನ್ನು ಬರಿದು ಮಾಡುತ್ತದೆ.

ಮೇಲಿನ ಮಗ್ಗುಲಿನವರ ಸಂಕಟ ಬೇರೆ. ಅಲ್ಲಿ ನೀರು ನಿಲ್ಲುತ್ತದೆ. ತೆಂಗಿನ ಬೇರು ಆಳಕ್ಕೆ ಹೋಗುವಂಥದಲ್ಲ. ಮೇಲಿನ ನಾಲ್ಕೈದು ಅಡಿ ಮಣ್ಣಿನಲ್ಲಿಯೇ ಬುಡದ ಸುತ್ತ ಹರಡಿಕೊಂಡು ಉಸಿರಾಡುವಂಥದು. ಮಳೆಗಾಲದಲ್ಲಿ ನೀರು ನಿಂತು ಬೇಸಗೆಯಲ್ಲಿ ಪಸೆ ಆರುವ ನೆಲ ಅಣಬೆ ರೋಗಕ್ಕೆ ಅನುಕೂಲವಾದ ನೆಲವೆಂಬುದನ್ನು ತೋಟಗಾರಿಕೆಯ ಪರಿಣತರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ; ಬೊಡ್ಡೆ ಸೀಳಿ ಕೆಂಗಂದು ರಸ ಸೋರುವ ರೋಗವೂ ಅಂಥಲ್ಲಿಯೇ ಹೆಚ್ಚು. ನುಸಿಪೀಡೆ, ಕಪ್ಪುತಲೆ ಹುಳುಗಳಿಂದ ಮೊದಲೇ ಬಸವಳಿದು, 2016ರಿಂದ ಮುಂದಿನ ಬರದ ವರ್ಷಗಳಲ್ಲಿ ಸುಳಿ ಒಣಗಿ ನಿಂತ ಮರಗಳನ್ನು ಸಾಲುಸಾಲಾಗಿ ಕಂಡ ಸೀಮೆ ನಮ್ಮದು. ವರ್ಷಕ್ಕೆ ಇಪ್ಪತ್ತೈದು ಇಪ್ಪತ್ತೆಂಟು ಅಂಗುಲ ಮಳೆ ಬೀಳುವ ಇಂಥ ನೆಲದಲ್ಲಿ ತೆಂಗು ನಿಂತಿರುವುದು ಆಕಾಶದ ಕೃಪೆಯಿಂದಲ್ಲ; ಬಿದ್ದ ಹನಿಯನ್ನು ಕಟ್ಟೆಯಿಂದ ಕುಂಟೆಗೆ, ಕುಂಟೆಯಿಂದ ಕೆರೆಗೆ, ಒಂದು ಕೆರೆಯ ಕೋಡಿಯಿಂದ ಮುಂದಿನ ಕೆರೆಗೆ ಸಾಗಿಸುತ್ತ ನೆಲದೊಳಕ್ಕೆ ಇಳಿಸಿದ ಪೂರ್ವಿಕರ ವ್ಯವಸ್ಥೆಯಿಂದ. ಹೇಮಾವತಿಯ ನಾಲೆಯ ನೀರು ಬಂದ ಕೆರೆಗಳಿಗೂ ಈ ಸರಣಿಯೇ ಆಧಾರ. ನಾಲೆಯಿಂದ ಮೊದಲ ಕೆರೆಗೆ ಬಿಟ್ಟ ನೀರು ಎರಡನೆಯ ಕೆರೆಗೆ ಹೋಗುವುದು ಆ ಹಳೆಯ ಹಳ್ಳದಲ್ಲಿಯೇ ಅಲ್ಲವೆ?

ಇಂಥ ಪ್ರಶ್ನೆ ಅನ್ಯ ದೇಶಗಳಲ್ಲಿ ಹೇಗೆ ನಡೆಯಿತೆಂಬುದಕ್ಕೆ ಒಂದು ದೃಷ್ಟಾಂತವನ್ನು ಹೇಳುತ್ತೇನೆ. ದಕ್ಷಿಣ ಇಂಗ್ಲೆಂಡಿನ ವಿಂಚೆಸ್ಟರ್ ಎಂಬ ಪ್ರಾಚೀನ ನಗರದ ಪಕ್ಕದಲ್ಲಿ ಟ್ವೈಫರ್ಡ್ ಡೌನ್ ಎಂಬ ಸೀಮೆಸುಣ್ಣದ ಗುಡ್ಡವಿದೆ. ಸೀಮೆಸುಣ್ಣದ ಬಂಡೆ ಮೃದುವಾದದ್ದು, ಬಿದ್ದ ಮಳೆಯನ್ನು ತನ್ನೊಳಕ್ಕೆ ಹೀರಿಕೊಳ್ಳುವಂಥದು. ಅದರ ಮೇಲಿನ ತೆಳ್ಳನೆಯ ಮಣ್ಣಿನಲ್ಲಿ ಕುರಿ ಮೇದು ಮೇದು ಶತಮಾನಗಳಲ್ಲಿ ರೂಪುಗೊಂಡ ಹುಲ್ಲುನೆಲವು ಅಪರೂಪದ ಹೂಗಿಡಗಳಿಗೂ ಚಿಟ್ಟೆಗಳಿಗೂ ಆಶ್ರಯ. ಲಂಡನ್ನಿನಿಂದ ಸೌತಾಂಪ್ಟನ್ನಿನ ಕಡೆಗೆ ಹೋಗುವ ಎಂ 3 ಎಂಬ ಮಹಾಮಾರ್ಗದ ಒಂದು ತುಂಡು ಅಲ್ಲಿ ಕಟ್ಟದೆ ಉಳಿದುಕೊಂಡಿದ್ದಿತು. ಅದನ್ನು ಇಚೆನ್ ನದಿಯ ಜೌಗು ಹುಲ್ಲುಗಾವಲಿನ ಮೇಲೆ ಒಯ್ಯಬೇಕೆಂದು 1970ರ ದಶಕದಲ್ಲಿ ಮಾಡಿದ ಆಲೋಚನೆಗೆ ಊರಿನವರು ಬಲವಾಗಿ ವಿರೋಧ ಹೇಳಿ ತಡೆದರು. ಮುಂದಿನ ದಶಕದ ನಕ್ಷೆಯಲ್ಲಿ ಅದೇ ರಸ್ತೆ ಗುಡ್ಡದ ಕಡೆಗೆ ಸರಿಯಿತು. ಸುರಂಗ ತೋಡಿ ಒಯ್ಯಿರೆಂದರೆ ವೆಚ್ಚ ವಿಪರೀತವೆಂದು ಸರ್ಕಾರ ಒಪ್ಪಲಿಲ್ಲ. 1992ರಲ್ಲಿ ಯುವಕ ಯುವತಿಯರು ಗುಡ್ಡದ ಮೇಲೆಯೇ ಬಿಡಾರ ಹೂಡಿ ಯಂತ್ರಗಳಿಗೆ ಅಡ್ಡ ನಿಂತರು. ಅವರನ್ನು ಎಳೆದುಹಾಕಿ ಗುಡ್ಡವನ್ನು ಸೀಳಿ, 1994ರಲ್ಲಿ ರಸ್ತೆಯನ್ನು ತೆರೆದರು. ಸೀಳಿದ ಬಿಳಿಯ ಗೋಡೆಗಳು ಇಂದಿಗೂ ಕಾಣುತ್ತವೆ.

ಆ ಪ್ರಸಂಗದಲ್ಲಿ ಸೋಲಾಯಿತೆಂಬುದು ನಿಜ. ಅದನ್ನು ಇಲ್ಲಿ ಎತ್ತಿದ್ದು ಎರಡು ಕಾರಣಗಳಿಗಾಗಿ. ಅಡ್ಡ ನಿಂತವರಿಗೆ ಆ ಗುಡ್ಡದಲ್ಲಿ ಅಂಗೈ ಅಗಲದ ಸ್ವಂತ ಭೂಮಿಯೂ ಇರಲಿಲ್ಲ, ಅವರಿಗೆ ಪರಿಹಾರದ ಚೆಕ್ಕು ಬರುವಂತೆಯೂ ಇರಲಿಲ್ಲ. ಯಾರಿಗೂ ಸೇರದ್ದಾಗಿದ್ದೂ ಎಲ್ಲರ ಪಾಲಿನದಾದ ವಸ್ತುವಿನ ಪರವಾಗಿ ಮಾತನಾಡುವ ಅಧಿಕಾರವನ್ನು ಅವರು ತಾವೇ ವಹಿಸಿಕೊಂಡರು. ನಮ್ಮ ಹಳ್ಳಗಳಿಗೆ ಬೇಕಾಗಿದ್ದವರು ಅಂಥವರು. ಎರಡನೆಯದು, ಹೊಸ ಮಾರ್ಗ ತೆರೆದ ಮೇಲೆ, ನಗರದ ಪಕ್ಕದಲ್ಲಿ ನದಿಗೂ ಗುಡ್ಡಕ್ಕೂ ನಡುವೆ ಹೋಗುತ್ತಿದ್ದ ಹಳೆಯ ಬೈಪಾಸ್ ರಸ್ತೆಯ ಡಾಂಬರನ್ನು ಅಗೆದು ತೆಗೆದು, ಮಣ್ಣು ತುಂಬಿ ಅದನ್ನು ಮತ್ತೆ ಹುಲ್ಲುನೆಲವಾಗಿ ಮಾಡಿದರು. ಕಟ್ಟಿದ ರಸ್ತೆಯನ್ನು ನೆಲಕ್ಕೆ ಹಿಂದಿರುಗಿಸುವುದೂ ಇಂಜಿನಿಯರರ ಕೆಲಸದ ಒಂದು ಅಂಗವಾಗಬಹುದೆಂಬುದಕ್ಕೆ ಅದು ಸಾಕ್ಷಿ. ನಮ್ಮಲ್ಲಿ ತಿರುವುಗಳನ್ನು ನೇರ ಮಾಡಿದ ಕಡೆ ಹಳೆಯ ರಸ್ತೆಯ ಬಾಗಿದ ತುಂಡುಗಳು ಕಸ ಸುರಿಯುವ ಜಾಗಗಳಾಗಿ ಬಿದ್ದಿದ್ದರೆ, ಅವುಗಳ ಡಾಂಬರು ತೆಗೆಸಿ ಹೊಂಗೆ, ಹುಣಿಸೆ, ಬೇವುಗಳನ್ನು ನೆಡಿಸಿರೆಂದು ಕೇಳುವುದರಲ್ಲಿ ಅತಿಶಯವೇನೂ ಇಲ್ಲ.

ಅಷ್ಟು ದೂರ ಹೋಗಬೇಕಾದುದೂ ಇಲ್ಲ. ನಮ್ಮ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕನವರು ತಮ್ಮ ಪತಿಯೊಡನೆ ಹುಲಿಕಲ್ಲು ಕುದೂರುಗಳ ನಡುವೆ ನೆಟ್ಟು ಬೆಳೆಸಿದ ಆಲದ ಮರಗಳಿಗೆ 2019ರಲ್ಲಿ ಬಾಗೇಪಲ್ಲಿ ಹಲಗೂರು ರಸ್ತೆಯ ಅಗಲೀಕರಣದಿಂದ ಕುತ್ತು ಒದಗಿದಾಗ, ಆ ವೃದ್ಧೆ ಸರ್ಕಾರದ ಬಳಿಗೆ ತಾವೇ ಹೋಗಿ ಕೇಳಿದರು. ಮರಗಳಿಗೆ ಹಾನಿಯಾಗದಂತೆ ಬೇರೆ ದಾರಿ ನೋಡುವುದಾಗಿ ಸರ್ಕಾರ ಒಪ್ಪಿತು. ಆ ಮರಗಳೂ ಅವರ ಪಹಣಿಯಲ್ಲಿ ಇದ್ದವಲ್ಲ. ರಸ್ತೆಯ ಬದಿಯ ಸರ್ಕಾರದ ನೆಲದಲ್ಲಿ ಇದ್ದವು. ಕೇಳಿದವರೊಬ್ಬರು ಇದ್ದುದರಿಂದ ನಕ್ಷೆ ಮತ್ತೊಮ್ಮೆ ಮೇಜಿನ ಮೇಲೆ ಬಂದಿತು.

ಈಗ ಮಾಡತಕ್ಕದ್ದೇನು? ರಸ್ತೆ ಬಹುಪಾಲು ಆಗಿಹೋಗಿದೆ, ಇನ್ನೇನು ಎನ್ನುವ ನಿರುತ್ಸಾಹಕ್ಕೆ ಎಡೆಗೊಡಬೇಡಿ. ಈ ರಸ್ತೆಯನ್ನು ಕಟ್ಟಿಸಿರುವ ಪದ್ಧತಿಯಲ್ಲಿ, ವೆಚ್ಚದ ನೂರಕ್ಕೆ 40 ಪಾಲನ್ನು ಸರ್ಕಾರ ಕೆಲಸ ನಡೆಯುವಾಗಲೇ ಕೊಟ್ಟು, ಉಳಿದ 60 ಪಾಲನ್ನು ಮುಂದಿನ 15 ವರ್ಷಗಳಲ್ಲಿ ಕಂತುಗಳಾಗಿ ಕೊಡುತ್ತದೆ. ಆ 15 ವರ್ಷವೂ ರಸ್ತೆಯ ಪಾಲನೆ ಕಟ್ಟಿದವರದೇ ಹೊಣೆ. ಹೂಳು ತುಂಬಿದ ಮೋರಿಯನ್ನು ತೆಗೆಸುವುದು, ಕೊರೆದ ಚರಂಡಿಯನ್ನು ಕಟ್ಟಿಸುವುದು ಆ ಪಾಲನೆಯೊಳಗೇ ಬರುತ್ತದೆ. ಕೆಲಸದ ಮೇಲ್ವಿಚಾರಣೆಗಾಗಿ ಸ್ವತಂತ್ರ ಇಂಜಿನಿಯರೆಂಬ ಸಂಸ್ಥೆಯನ್ನು ನೇಮಿಸಿರುತ್ತಾರೆ; ಪ್ರಾಧಿಕಾರದ ಯೋಜನಾ ನಿರ್ದೇಶಕರು ಇರುತ್ತಾರೆ. ಕೇಳಬೇಕಾದ ಬಾಗಿಲುಗಳು ಇವೆ. ಕೇಳುವವರ ಕೈಯಲ್ಲಿ ಕಾಗದವಿರಬೇಕು.

ಆ ಕಾಗದ ಯಾವುದೆಂದರೆ ಗ್ರಾಮನಕಾಶೆ. ಭೂಮಾಪನ ಇಲಾಖೆಯಿಂದ ತಮ್ಮ ತಮ್ಮ ಊರಿನ ನಕಾಶೆಯನ್ನು ತೆಗೆಸಿ. ಅದರಲ್ಲಿ ಹಳ್ಳಗಳೂ ಕೆರೆಗಳೂ ಹಳೆಯ ಬಂಡಿದಾರಿಗಳೂ ಗೆರೆಯೆಳೆದು ನಿಂತಿರುತ್ತವೆ. ಮಾಹಿತಿ ಹಕ್ಕಿನ ಕಾಯಿದೆಯಂತೆ ತಮ್ಮ ಊರಿನ ಎಲ್ಲೆಯೊಳಗಿನ ಮೋರಿ ಸೇತುವೆಗಳ ಪಟ್ಟಿಯನ್ನೂ, ನೀರಿನ ಹರಿವನ್ನು ಲೆಕ್ಕ ಹಾಕಿದ ವರದಿಯನ್ನೂ ಕೇಳಿ ಪಡೆಯಿರಿ. ಎರಡನ್ನೂ ಒಂದರ ಮೇಲೊಂದಿಟ್ಟು, ನಕಾಶೆಯಲ್ಲಿ ಹಳ್ಳವಿದ್ದು ಪಟ್ಟಿಯಲ್ಲಿ ಮೋರಿಯಿಲ್ಲದ ಜಾಗಗಳನ್ನು ಗುರುತಿಸಿ. ಅನಂತರ ಮುಂಗಾರಿನ ಮೊದಲ ದೊಡ್ಡ ಮಳೆ ಹೊಯ್ದ ದಿನ, ಮಳೆ ನಿಂತ ಬಳಿಕ ಅಲ್ಲ, ಹೊಯ್ಯುತ್ತಿರುವಾಗಲೇ, ಕೊಡೆ ಹಿಡಿದು ಕಂಬಳಿ ಹೊದ್ದು ರಸ್ತೆಯ ಎರಡೂ ಮಗ್ಗುಲುಗಳಲ್ಲಿ ನಡೆದು ನೋಡಿ. ಹುಡುಗರು ಫೋನಿನಲ್ಲಿ ಚಿತ್ರ ತೆಗೆದುಕೊಳ್ಳಲಿ. ಹಿಂದೆ ನೀರಗಂಟಿಯ ಕೆಲಸ ಮಾಡಿದ ಮನೆತನದ ಮುದುಕರು ಯಾರಾದರೂ ಊರಿನಲ್ಲಿ ಉಳಿದಿದ್ದರೆ ಅವರನ್ನು ಕರೆದುಕೊಂಡು ಹೋಗಿ. ಯಾವ ತೂಬಿಗೆ ಎಲ್ಲಿಂದ ನೀರು ಬರುತ್ತಿದ್ದಿತೆಂಬುದನ್ನು ಯಾವ ವರದಿಗಿಂತಲೂ ಸ್ಪಷ್ಟವಾಗಿ ಹೇಳಬಲ್ಲವರು ಅವರು. ಅವರ ಮಾತನ್ನು ಬರೆದಿಟ್ಟುಕೊಳ್ಳಿ. ಒಬ್ಬೊಬ್ಬರೇ ಅರ್ಜಿ ಬರೆದರೆ ಅದು ಒಬ್ಬನ ತೋಟದ ದೂರಾಗಿ ಮೂಲೆ ಸೇರುತ್ತದೆ. ಆದ್ದರಿಂದ ಒಂದು ಕೆರೆಯ ನೀರನ್ನು ಉಣ್ಣುವವರೆಲ್ಲರೂ, ಭೂಮಿ ಕೊಟ್ಟವರು ಕೊಡದವರು ಎಂಬ ಭೇದವಿಲ್ಲದೆ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ, ಕೆರೆಯ ಹೆಸರಿನಲ್ಲಿಯೇ ಅರ್ಜಿ ಕೊಡಿ. ಕರಡಿಯ ಗೆರೆಯ ಎರಡೂ ಕಡೆಯ ಊರುಗಳವರು ಒಂದೇ ಅರ್ಜಿಯನ್ನು ಎರಡೂ ಕಚೇರಿಗಳಿಗೆ ಕೊಡುವುದು ಒಳ್ಳೆಯದು. ಇಲ್ಲವಾದರೆ ಇವರು ಅವರ ಕಡೆಗೆ, ಅವರು ಇವರ ಕಡೆಗೆ ಬೆರಳು ತೋರಿಸುವುದಕ್ಕೆ ಆಸ್ಪದವಾಗುತ್ತದೆ.

ಮೋರಿಗಳ ಜೊತೆಯಲ್ಲಿ ದಾಟುದಾರಿಗಳನ್ನೂ ನೋಡಿ. ಮನೆ ಒಂದು ಕಡೆ, ತೋಟ ಇನ್ನೊಂದು ಕಡೆಯಾಗಿ ಸೀಳಿಹೋದವರು, ಸೋಗೆಯ ಹೊರೆ ಹೊತ್ತ ಹೆಂಗಸರು, ಹಸು ಹೊಡೆದುಕೊಂಡು ಹೋಗುವ ಮುದುಕರು ನಾಲ್ಕು ಪಥಗಳನ್ನೂ ನಡುವಣ ವಿಭಜಕವನ್ನೂ ಹಾರಿ ದಾಟುವಂತಾಗಬಾರದು.

ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬಂಧುಗಳಿಗೆ ಪ್ರತ್ಯೇಕವಾಗಿ ಎರಡು ಮಾತು. ಜೇವರ್ಗಿಯಿಂದ ಹುಳಿಯಾರು, ಚಿಕ್ಕನಾಯಕನಹಳ್ಳಿ, ಕಿಬ್ಬನಹಳ್ಳಿ ಕ್ರಾಸು, ತುರುವೇಕೆರೆ, ನಾಗಮಂಗಲಗಳ ಮೇಲೆ ಚಾಮರಾಜನಗರಕ್ಕೆ ಹೋಗುವ 150ಎ ಹೆದ್ದಾರಿ ತಮ್ಮ ತೋಟಗಳ ನಡುವೆಯೇ ಹಾಯುತ್ತದೆ. ಅದು ಮುಂದೆ ಯಾವಾಗಲಾದರೂ ನಾಲ್ಕು ಪಥವಾಗುವ ಕಾಲ ಬಂದಲ್ಲಿ, ಪ್ರಕಟಣೆಯಾದ ದಿನದಿಂದ 21 ದಿನಗಳು ಮಾತ್ರ ತಮ್ಮ ಕೈಯಲ್ಲಿರುತ್ತವೆ. ಆ ಅವಧಿಯಲ್ಲಿ ನಕಾಶೆ ಹುಡುಕಿ, ಹಳ್ಳ ನೋಡಿ, ಹಿರಿಯರನ್ನು ಕೇಳಿ, ಆಕ್ಷೇಪಣೆ ಬರೆಯುವುದು ಯಾರಿಂದಲೂ ಆಗದ ಮಾತು. ಆ ಕೆಲಸವನ್ನು ಈಗಲೇ, ಯಾವ ಪ್ರಕಟಣೆಯೂ ಇಲ್ಲದ ನಿಶ್ಚಿಂತೆಯ ಕಾಲದಲ್ಲಿ, ಮಾಡಿ ಪಂಚಾಯಿತಿಯ ಕಪಾಟಿನಲ್ಲಿ ಇಟ್ಟಿರಿ. ಪ್ರತಿ ಹಳ್ಳಕ್ಕೂ ತಾವೇ ಒಂದು ನಂಬರು ಕೊಡಿ. ಅದು ಎಲ್ಲಿ ಹುಟ್ಟಿ ಯಾವ ಕೆರೆ ಸೇರುತ್ತದೆ, ಯಾವ ಸರ್ವೆ ನಂಬರುಗಳ ನಡುವೆ ಹಾಯುತ್ತದೆ, ಅದರ ನೀರನ್ನು ನಂಬಿದ ತೋಟಗಳು ಎಷ್ಟು ಎಂಬುದನ್ನು ಬರೆದು, ಗ್ರಾಮಸಭೆಯಲ್ಲಿ ಓದಿ, ಅಧ್ಯಕ್ಷರ ರುಜು ಹಾಕಿಸಿ. ಬಿಳಿಗೆರೆಯ ಸುತ್ತಲಿನ ನಾವು ಈ ಪಟ್ಟಿಯನ್ನು ರಸ್ತೆಯಾದ ಮೇಲೆ ಮಾಡಬೇಕಾಗಿ ಬಂದಿದೆ. ಅದನ್ನು ಮಾಡುವ ಕ್ರಮವನ್ನೂ ಅರ್ಜಿಯ ನಮೂನೆಗಳನ್ನೂ ಮಾಹಿತಿ ಕೇಳುವ ಬಗೆಯನ್ನೂ ತಿಳಿದುಕೊಳ್ಳಬೇಕೆಂಬ ಇಚ್ಛೆಯುಳ್ಳವರು ಯಾವ ಊರಿನವರೇ ಆಗಲಿ, ಸಂತೆಯ ದಿನವೋ ಕೊಬ್ಬರಿ ಹರಾಜಿಗೆ ತಿಪಟೂರಿಗೆ ಬಂದ ದಿನವೋ ಇತ್ತ ದಯಮಾಡಿಸಿ. ನಕಾಶೆಗಳನ್ನು ಹರಡಿಕೊಂಡು ಕೂತು ಮಾತನಾಡೋಣ.

ಇತಿ ತಮ್ಮ ವಿಶ್ವಾಸಿ,
ಬಿಳಿಗೆರೆಯ ಒಬ್ಬ ತೆಂಗು ಬೆಳೆಗಾರ